ಭತ್ತದ ಮೈಕ್ರೋ ಆರ್‌ಎನ್‌ಎ ಗುರುತಿಸುವುದು ಹೇಗೆ?

ಮಂಡ್ಯದ ಗದ್ದೆಯಲ್ಲಿ ನಾಟಿ ಮಾಡಿ ತಿಂಗಳಾದ ಪೈರು ತೆಂಡೆ ಒಡೆಯುತ್ತಿರುತ್ತದೆ. ಎಷ್ಟು ತೆಂಡೆ ಬರಬೇಕು ಎನ್ನುವುದರಲ್ಲಿ ಬರೀ 20 ಅಕ್ಷರ (ಆರ್‌ಎನ್‌ಎ ಸರಪಳಿಯ ರಾಸಾಯನಿಕ ಕೊಂಡಿ) ಉದ್ದದ ಒಂದು ಮೈಕ್ರೋ ಆರ್‌ಎನ್‌ಎ ಪಾತ್ರವೂ ಇದೆ. ಜೀನ್ ಕಳಿಸುವ ಸಂದೇಶವನ್ನು ಅದು ಗುರುತು ಹಿಡಿದು ತುಂಡು ಮಾಡಿಸುತ್ತದೆ. ಇಂಥದ್ದನ್ನು ಮೊದಲು ಕಂಡದ್ದು 1993ರಲ್ಲಿ, ಒಂದು ಪುಟ್ಟ ಹುಳುವಿನಲ್ಲಿ. ಅದಕ್ಕಾಗಿ ವಿಕ್ಟರ್ ಆ್ಯಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು.

ಮೊದಲು ಎಲೆ. ಕಿತ್ತ ತಕ್ಷಣ ದ್ರವ ನೈಟ್ರೋಜನ್‌ಗೆ ಹಾಕಿ. ಸುಮ್ನೆ ಕವರ್‌ನಲ್ಲಿ ಕಟ್ಟಿಕೊಂಡು ಮೈಸೂರಿನ ಲ್ಯಾಬ್‌ಗೆ ಬಸ್ಸು ಹತ್ತಿದರೆ ಆರ್‌ಎನ್‌ಎ ದಾರಿಯಲ್ಲೇ ಹಾಳಾಗುತ್ತದೆ. ಎಲೆಯಿಂದ ಆರ್‌ಎನ್‌ಎ ಬೇರ್ಪಡಿಸುವ ಕಿಟ್ ಕೊಳ್ಳುವಾಗಲೂ ನೋಡಿ: ಎಷ್ಟೋ ಮಾಮೂಲಿ ಕಿಟ್‌ಗಳಲ್ಲಿ ಚಿಕ್ಕ ಆರ್‌ಎನ್‌ಎ ತೊಳೆದುಹೋಗುತ್ತದೆ.

ಸೀಕ್ವೆನ್ಸಿಂಗ್, ಅಂದರೆ ಆರ್‌ಎನ್‌ಎ ಅಕ್ಷರಗಳನ್ನು ಓದಿಸುವ ಕೆಲಸ, ಮಾಡಿಸಿದರೆ ಲಕ್ಷಗಟ್ಟಲೆ ತುಣುಕು ಬರುತ್ತವೆ. ಜಾಸ್ತಿ ಜನ ಎಡವುವುದು ಇಲ್ಲೇ. ಉದ್ದ ಸರಿಯಿದೆ ಅಂದ ಮಾತ್ರಕ್ಕೆ ಅದು ಮೈಕ್ರೋ ಆರ್‌ಎನ್‌ಎ ಆಗಿಬಿಡುವುದಿಲ್ಲ. ಟಿ-ಆರ್‌ಎನ್‌ಎ ಎಂಬ ಬೇರೆ ಬಗೆಯ ಆರ್‌ಎನ್‌ಎ ಮುರಿದ ಚೂರುಗಳೂ ಅಷ್ಟೇ ಉದ್ದ ಇರಬಹುದು. ಜೀನೋಮ್‌ನಲ್ಲಿ (ಗಿಡದ ಪೂರ್ತಿ ಡಿಎನ್‌ಎಯಲ್ಲಿ) ಅದರ ಅಕ್ಕಪಕ್ಕದ ಭಾಗವೂ ಸೇರಿ ಬರುವ ಆರ್‌ಎನ್‌ಎ ಹೇರ್‌ಪಿನ್‌ನಂತೆ ಮಡಚಿಕೊಳ್ಳಬೇಕು. ಆ ಹೇರ್‌ಪಿನ್‌ನ ಎದುರು ಕಡ್ಡಿಯಿಂದ ಅದರ ಜೋಡಿ ತುಣುಕೂ ಸಿಗಬೇಕು. ಎರಡನ್ನೂ ಕೂಡಿಸಿದಾಗ ಪ್ರತಿಯೊಂದರ ಒಂದು ತುದಿಯಲ್ಲಿ ಎರಡೆರಡು ಅಕ್ಷರ ಹೊರಚಾಚಿರಬೇಕು. ಜೋಡಿ ಕಾಣದಿದ್ದರೆ ದಯವಿಟ್ಟು ಹೊಸದು ಸಿಕ್ಕಿತು ಎಂದು ಬರೆಯಬೇಡಿ.

ಇನ್ನು ಗುರಿ ಜೀನ್, ಅಂದರೆ ಮೈಕ್ರೋ ಆರ್‌ಎನ್‌ಎ ಯಾವ ಜೀನ್‌ನ ಸಂದೇಶವನ್ನು ತುಂಡು ಮಾಡಿಸುತ್ತದೋ ಅದು. ಪ್ರಾಣಿಗಳಲ್ಲಿ ಆರೇಳು ಅಕ್ಷರ ಹೊಂದಿದರೂ ಸಾಕು, ಹಾಗಾಗಿ ಕಂಪ್ಯೂಟರ್ ಕೊಡುವ ಪಟ್ಟಿ ಉದ್ದಕ್ಕೆ ಬೆಳೆಯುತ್ತದೆ. ಗಿಡಗಳಲ್ಲಿ ಹೆಚ್ಚೂಕಡಿಮೆ ಪೂರ್ತಿ ಹೊಂದಬೇಕು, ಪಟ್ಟಿ ಚಿಕ್ಕದು. ಆದರೂ ಅದು ಊಹೆಯೇ. ಮೈಕ್ರೋ ಆರ್‌ಎನ್‌ಎ ಎಲೆಯಲ್ಲಿದ್ದು ಜೀನ್ ಬೇರಿನಲ್ಲಿ ಮಾತ್ರ ಕೆಲಸ ಮಾಡುತ್ತಿದ್ದರೆ, ಅವು ಭೇಟಿಯಾಗುವುದಾದರೂ ಎಲ್ಲಿ, ಅಲ್ವಾ?

ಆದ್ದರಿಂದ ತುಂಡಾದ ಜಾಗವನ್ನೇ ಹುಡುಕಬೇಕು. ಅದಕ್ಕೆ ತುಂಡಾದ ಸಂದೇಶದ ತುದಿಯನ್ನು ಓದುವ ಫೈವ್ ಪ್ರೈಮ್ ರೇಸ್ ಎಂಬ ವಿಧಾನವಿದೆ. ಮೈಕ್ರೋ ಆರ್‌ಎನ್‌ಎಯ 10 ಮತ್ತು 11ನೇ ಅಕ್ಷರದ ಎದುರಿಗೇ ಸಂದೇಶ ಮತ್ತೆ ಮತ್ತೆ ತುಂಡಾಗಿದ್ದರೆ ನಂಬಬಹುದು. ಎಲ್ಲೆಂದರಲ್ಲಿ ತುಂಡಾಗಿದ್ದರೆ ಅದು ತಾನಾಗಿ ಹಾಳಾದದ್ದು.

ಕೊನೆಯ ಪರೀಕ್ಷೆ ಗಿಡದಲ್ಲೇ ಆಗಬೇಕು. ಗುರಿ ಜಾಗದ ಅಕ್ಷರ ಬದಲಾದರೆ ಮೈಕ್ರೋ ಆರ್‌ಎನ್‌ಎ ಹಿಡಿತ ತಪ್ಪಬೇಕು. ಭತ್ತದ ಎಸ್‌ಪಿಎಲ್14 ಜೀನ್‌ನಲ್ಲಿ ಇದು ಕಣ್ಣಿಗೇ ಕಂಡಿತು. ಮಿರ್-156 (ಮೊದಲಿಗೆ ಹೇಳಿದ 20 ಅಕ್ಷರದ ಮೈಕ್ರೋ ಆರ್‌ಎನ್‌ಎ) ಹಿಡಿಯುವ ಜಾಗದಲ್ಲಿ ಒಂದೇ ಅಕ್ಷರ ಬದಲಾಗಿದ್ದ ಪೈರಿನಲ್ಲಿ ತೆಂಡೆ ಕಡಿಮೆಯಾಯಿತು, ತೆನೆ ಹೆಚ್ಚು ಕವಲೊಡೆದು ಕಾಳು ಜಾಸ್ತಿ ಕಟ್ಟಿತು.