ಇಡೀ ತಂಡವನ್ನು ಮರೆಮಾಡುವ ರೋಗ್-ರೇಂಜರ್: ಕಟ್ಟುವುದು ಹೇಗೆ?

ಯಾರ ಕಣ್ಣಿಗೂ ಬೀಳದೆ ಒಳಗೆ ನುಗ್ಗಿ, ಕೆಲಸ ಮುಗಿಸಿ ಹೊರಬರುವ ಪಾತ್ರ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಆಡುವ ಕಥೆಯಾಟ) ಆಡುವ ಬಹಳ ಜನರಿಗೆ ಈ ಆಸೆ ಇರುತ್ತದೆ. ಬರೀ ರೋಗ್ (ಕಳ್ಳನಂಥ ಪಾತ್ರವರ್ಗ, ಅಂದರೆ ಕ್ಲಾಸ್) ತೆಗೆದುಕೊಂಡರೂ ಇದು ಆಗುತ್ತದೆ. ಆದರೆ ರೋಗ್ ಅಡಗಿಸುವುದು ತನ್ನನ್ನು ಮಾತ್ರ. ಹಿಂದೆ ಬರುವ ಫೈಟರ್‌ನ ಕಬ್ಬಿಣದ ಕವಚ ಮೆಟ್ಟಿಲ ಮೇಲೆ ಖಣಖಣ ಎನ್ನುತ್ತಲೇ ಇರುತ್ತದೆ. ಕಾವಲುಗಾರ ಎಚ್ಚೆತ್ತರೆ ಎಲ್ಲರಿಗೂ ಎಚ್ಚೆತ್ತಂತೆ, ಅಲ್ವಾ? ಅದಕ್ಕೇ ನಾನು ರೋಗ್ ಜೊತೆ ರೇಂಜರ್ (ಕಾಡಿನ ಬೇಟೆಗಾರನಂಥ ಕ್ಲಾಸ್) ಬೆರೆಸುತ್ತೇನೆ. ಇಲ್ಲಿ ಹೇಳುವ ನಿಯಮಗಳೆಲ್ಲ 2014ರ ಐದನೇ ಆವೃತ್ತಿಯವು. 2024ರ ಪರಿಷ್ಕೃತ ನಿಯಮಗಳಲ್ಲಿ ಆಡುವವರು ಲೆಕ್ಕವನ್ನು ಬೇರೆಯಾಗಿ ಮಾಡಬೇಕಾಗುತ್ತದೆ.

ಮೊದಲು ಅಂಕಗಳು

ರೋಗ್‌ನಿಂದ ರೇಂಜರ್‌ಗೆ ಹೋಗಲು ಡೆಕ್ಸ್ಟೆರಿಟಿ (ಚುರುಕುತನ) 13, ವಿಸ್ಡಂ (ಅರಿವು) 13 ಇರಲೇಬೇಕು. ಪಾಯಿಂಟ್ ಬೈ ಪದ್ಧತಿಯಲ್ಲಿ ಸಾಮರ್ಥ್ಯಗಳನ್ನು ಕೊಳ್ಳಲು ಸಿಗುವ 27 ಅಂಕಗಳಿಂದ ನಾನು ಇವನ್ನು ಕೊಳ್ಳುತ್ತೇನೆ: ಡೆಕ್ಸ್ಟೆರಿಟಿ 15, ವಿಸ್ಡಂ 14, ಕಾನ್‌ಸ್ಟಿಟ್ಯೂಷನ್ 14, ಇಂಟೆಲಿಜೆನ್ಸ್ 10, ಕರಿಸ್ಮಾ 10, ಸ್ಟ್ರೆಂತ್ 8. ಜನಾಂಗ ವುಡ್ ಎಲ್ಫ್. ಅದರಿಂದ ಡೆಕ್ಸ್ಟೆರಿಟಿ 17, ವಿಸ್ಡಂ 15 ಆಗುತ್ತದೆ. ಸಮ ಸಂಖ್ಯೆಗೆ ಬಂದಾಗಲೇ ಲಾಭ ಏರುವುದು, ಇವೆರಡೂ ಬೆಸ ಸಂಖ್ಯೆಯಲ್ಲೇ ನಿಂತುಬಿಟ್ಟವು ಎಂದು ಬೇಜಾರಾಗಬೇಡಿ. ಮುಂದೆ ಒಂದೇ ಏಟಿಗೆ ಎರಡನ್ನೂ ಸರಿಮಾಡುತ್ತೇವೆ. ಮಳೆ, ಮಂಜು, ಎಲೆಗಳ ಮರೆ ಇಷ್ಟಿದ್ದರೂ ವುಡ್ ಎಲ್ಫ್ ಅಡಗಲು ಯತ್ನಿಸಬಹುದು. ಬೇರೆಯವರಿಗೆ ಅಷ್ಟು ಮರೆ ಸಾಲದು. ಲಾಂಗ್‌ಬೋ ಬಳಸುವ ತರಬೇತಿಯೂ ಹುಟ್ಟಿನಿಂದಲೇ ಬರುತ್ತದೆ.

ಎರಡು ಲೆವೆಲ್ ರೋಗ್

ಶುರು ಮಾಡುವುದು ರೋಗ್‌ನಿಂದಲೇ. ಮೊದಲ ಲೆವೆಲ್‌ನಲ್ಲಿ ನಾಲ್ಕು ಕೌಶಲಗಳು ಸಿಗುತ್ತವೆ. ಆಮೇಲೆ ರೋಗ್‌ಗೆ ಬಂದರೆ ಸಿಗುವುದು ಒಂದೇ. ಎಕ್ಸ್‌ಪರ್ಟೀಸ್ (ಎರಡು ಕೌಶಲಗಳಲ್ಲಿ ಪ್ರೊಫಿಷಿಯೆನ್ಸಿ, ಅಂದರೆ ತರಬೇತಿಯ ಅಂಕ, ದುಪ್ಪಟ್ಟು) ಅನ್ನು ಸ್ಟೆಲ್ತ್ (ಅಡಗುವುದು) ಮತ್ತು ಪರ್ಸೆಪ್ಶನ್ (ಗಮನಿಸುವುದು) ಮೇಲೆ ಹಾಕಿ. ಅಲ್ಲಿಗೆ ಸ್ಟೆಲ್ತ್‌ಗೆ ಉರುಳಿಸುವ ಇಪ್ಪತ್ತು ಮುಖದ ದಾಳಕ್ಕೆ +7. ಕಳ್ಳನಿಗೆ ಕಣ್ಣೂ ಚುರುಕಾಗಿರಬೇಕು, ಹಾಗಾಗಿ ಪರ್ಸೆಪ್ಶನ್ ಬಿಡಬೇಡಿ.

ಎರಡನೇ ಲೆವೆಲ್‌ನಲ್ಲಿ ಬರುವ ಕನಿಂಗ್ ಆ್ಯಕ್ಷನ್ ಈ ಪಾತ್ರದ ಜೀವ. ಬಾಣ ಬಿಟ್ಟ ಮೇಲೆ ಅದೇ ಸರದಿಯಲ್ಲಿ, ಬೋನಸ್ ಆ್ಯಕ್ಷನ್‌ನಲ್ಲಿ (ಮುಖ್ಯ ಕೆಲಸದ ಜೊತೆಗೆ ಮಾಡಬಹುದಾದ ಚಿಕ್ಕ ಕೆಲಸ) ಮತ್ತೆ ಅಡಗಬಹುದು. ಕೆಲವರು ಮೊದಲು ರೇಂಜರ್ ಐದು ಲೆವೆಲ್ ಮುಗಿಸಿ ಆಮೇಲೆ ಇಲ್ಲಿಗೆ ಬರುತ್ತಾರೆ. ಏಟಿನ ಲೆಕ್ಕದಲ್ಲಿ ಅದು ಸರಿಯೇ. ಆದರೆ ಅಡಗುವ ಪಾತ್ರ ಬೇಕೆಂದು ಕೂತವರು ಅಷ್ಟು ವಾರ ಕಾಯುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಮಾತು. ಸ್ನೀಕ್ ಅಟ್ಯಾಕ್ (ರೋಗ್ ಕೊಡುವ ಹೆಚ್ಚುವರಿ ಪೆಟ್ಟು) ಮಾಡಲು ಅಡಗಿರಲೇಬೇಕು ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಗುರಿಯ ಐದು ಅಡಿಯೊಳಗೆ ನಿಮ್ಮ ಗೆಳೆಯನೊಬ್ಬ ನಿಂತಿದ್ದರೂ ಸಾಕು.

ಮೂರರಿಂದ ಏಳು: ರೇಂಜರ್

ಒಟ್ಟು ಲೆವೆಲ್ 3 (ರೇಂಜರ್ 1) ಸ್ವಲ್ಪ ಸಪ್ಪೆ. 4ರಲ್ಲಿ ಆರ್ಚರಿ ಶೈಲಿ ತೆಗೆದುಕೊಳ್ಳಿ, ಬಿಲ್ಲಿನ ಏಟು ತಗುಲಿತೇ ಎಂದು ನೋಡುವ ದಾಳಕ್ಕೆ +2. 5ರಲ್ಲಿ ಗ್ಲೂಮ್ ಸ್ಟಾಕರ್ (ಕತ್ತಲಲ್ಲಿ ಬೇಟೆಯಾಡುವ ರೇಂಜರ್ ಉಪವರ್ಗ) ಆಗಿ. ಇಲ್ಲಿಂದ ಆಟವೇ ಬದಲಾಗುತ್ತದೆ. ಇನಿಷಿಯೇಟಿವ್‌ಗೆ (ಕಾಳಗದಲ್ಲಿ ಯಾರ ಸರದಿ ಮೊದಲು ಎಂದು ತೀರ್ಮಾನಿಸುವ ದಾಳ) ವಿಸ್ಡಂ ಕೂಡಿಕೊಳ್ಳುತ್ತದೆ. ಪ್ರತಿ ಕಾಳಗದ ಮೊದಲ ಸರದಿಯಲ್ಲಿ ಒಂದು ಏಟು ಜಾಸ್ತಿ, ಅದು ತಗುಲಿದರೆ ಇನ್ನೊಂದು ಎಂಟು ಮುಖದ ದಾಳದಷ್ಟು ಪೆಟ್ಟು. ಎಲ್ಲಕ್ಕಿಂತ ದೊಡ್ಡದು, ಕತ್ತಲಲ್ಲಿ ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ಶಕ್ತಿ) ನಂಬಿಕೊಂಡ ಜೀವಿಗಳಿಗೆ ನೀವು ಕಾಣುವುದೇ ಇಲ್ಲ.

ಆದರೆ ಪಕ್ಕದಲ್ಲಿ ಪಂಜು ಹಿಡಿದವನಿದ್ದರೆ ಇದು ನಡೆಯದು. ಪಂಜಿನ ಬೆಳಕು 20 ಅಡಿ, ಅದರಾಚೆ ಮಸುಕು ಬೆಳಕು ಇನ್ನೂ 20 ಅಡಿ. ಅಂದರೆ 40 ಅಡಿ ಆಚೆ ನಡೆಯಿರಿ. ತಂಡದಲ್ಲಿ ಕತ್ತಲಲ್ಲಿ ಕಣ್ಣು ಕಾಣದ ಮನುಷ್ಯ ಪಾತ್ರಗಳಿದ್ದರೆ ಇದನ್ನು ಮೊದಲೇ ಮಾತಾಡಿಕೊಳ್ಳಿ.

ಗೆಳೆಯರಿಗೆ 4ನೇ ಲೆವೆಲ್‌ನಲ್ಲೇ ಸಾಮರ್ಥ್ಯದ ಅಂಕ ಏರುತ್ತದೆ. ನಿಮಗೆ ಅದು ಬರುವುದು 6ರಲ್ಲಿ, ಏಕೆಂದರೆ ಅದರ ಲೆಕ್ಕ ಆಯಾ ಕ್ಲಾಸಿನ ಲೆವೆಲ್ ಮೇಲೆ. ಡೆಕ್ಸ್ಟೆರಿಟಿಗೆ ಒಂದು, ವಿಸ್ಡಂಗೆ ಒಂದು ಹಾಕಿ: 18 ಮತ್ತು 16.

7ರಲ್ಲಿ ಎಕ್ಸ್‌ಟ್ರಾ ಅಟ್ಯಾಕ್ (ಒಂದೇ ಸರದಿಯಲ್ಲಿ ಎರಡು ಏಟು) ಬರುತ್ತದೆ. ಅದರ ಜೊತೆ ನಾವು ಇಷ್ಟು ದೂರ ಬಂದದ್ದು ಯಾವುದಕ್ಕೋ ಆ ಮಂತ್ರವೂ ಸಿಗುತ್ತದೆ: ಪಾಸ್ ವಿದೌಟ್ ಟ್ರೇಸ್. ನಿಮ್ಮ ಸುತ್ತ 30 ಅಡಿಯೊಳಗೆ ನೀವು ಆರಿಸಿದ ಎಲ್ಲರಿಗೂ ಸ್ಟೆಲ್ತ್‌ಗೆ +10, ಒಂದು ಗಂಟೆವರೆಗೆ. ಈಗ ನಿಮ್ಮ ಲೆಕ್ಕ ನೋಡಿ. ಡೆಕ್ಸ್ಟೆರಿಟಿಯಿಂದ 4, ದುಪ್ಪಟ್ಟಾದ ಪ್ರೊಫಿಷಿಯೆನ್ಸಿಯಿಂದ 6, ಮಂತ್ರದಿಂದ 10. ದಾಳದಲ್ಲಿ 1 ಬಿದ್ದರೂ 21. ಸಾಮಾನ್ಯ ಕಾವಲುಗಾರನ ಪ್ಯಾಸಿವ್ ಪರ್ಸೆಪ್ಶನ್ (ಹುಡುಕದೆಯೇ ಗಮನಿಸುವ ಮಟ್ಟ) 12. ಖಣಖಣ ಎನ್ನುವ ಫೈಟರ್ ಡಿಸ್‌ಅಡ್ವಾಂಟೇಜ್‌ನಿಂದ ಎರಡು ದಾಳ ಉರುಳಿಸಿ ಕಡಿಮೆಯದನ್ನು ಇಟ್ಟುಕೊಂಡರೂ, ಅದು 2 ಆದರೆ ಸಾಕು, ಆ ಕಾವಲುಗಾರನನ್ನು ದಾಟುತ್ತಾನೆ. ನೆಲದ ಮೇಲೆ ಹೆಜ್ಜೆಗುರುತೂ ಉಳಿಯುವುದಿಲ್ಲ.

ಒಂದೇ ಎಚ್ಚರ: ಈ ಮಂತ್ರಕ್ಕೆ ಏಕಾಗ್ರತೆ ಬೇಕು. ಗುರಿಗೆ ಹೆಚ್ಚು ಪೆಟ್ಟು ಕೊಡಿಸುವ ಹಂಟರ್ಸ್ ಮಾರ್ಕ್ ಮಂತ್ರಕ್ಕೂ ಬೇಕು. ಎರಡನ್ನೂ ಒಟ್ಟಿಗೆ ಹಿಡಿಯಲಾಗದು. ಒಳನುಗ್ಗುವಾಗ ಮೊದಲನೆಯದು, ಕಾಳಗ ಶುರುವಾದ ಮೇಲೆ ಬೇಕಿದ್ದರೆ ಎರಡನೆಯದು.

ಕವಚ

ಸ್ಟಡೆಡ್ ಲೆದರ್ ಸಾಕು. ರೇಂಜರ್‌ನಿಂದ ಮಧ್ಯಮ ತೂಕದ ಕವಚದ ಅನುಮತಿ ಸಿಗುತ್ತದೆ ಎಂದು ಸ್ಕೇಲ್ ಮೇಲ್ ಅಥವಾ ಹಾಫ್ ಪ್ಲೇಟ್ ತೊಡಬೇಡಿ. ಎರಡೂ ಸದ್ದು ಮಾಡುತ್ತವೆ, ಸ್ಟೆಲ್ತ್‌ಗೆ ಡಿಸ್‌ಅಡ್ವಾಂಟೇಜ್.

ಎಂಟರಿಂದ ಮುಂದೆ

ಮತ್ತೆ ರೋಗ್‌ಗೆ ಮರಳಿ. ಉಪವರ್ಗ ಆರಿಸುವಾಗ ಅಸ್ಯಾಸಿನ್ ಕಣ್ಣು ಕುಕ್ಕುತ್ತದೆ. ಇನ್ನೂ ಸರದಿ ಸಿಗದ ಶತ್ರುವಿನ ಮೇಲೆ ಅಡ್ವಾಂಟೇಜ್ (ಎರಡು ದಾಳದಲ್ಲಿ ಹೆಚ್ಚಿನದು), ಬೆಚ್ಚಿಬಿದ್ದವನಿಗೆ ತಗುಲಿದ ಪ್ರತಿ ಏಟೂ ಕ್ರಿಟಿಕಲ್ (ಪೆಟ್ಟಿನ ದಾಳಗಳು ದುಪ್ಪಟ್ಟು). ಇಡೀ ತಂಡವೇ ಮರೆಯಲ್ಲಿ ಬರುವುದರಿಂದ ಶತ್ರು ಬೆಚ್ಚಿಬೀಳುವ ಸಂದರ್ಭವೂ ಹೆಚ್ಚು. ನಿಮ್ಮ ಆಟದಲ್ಲಿ ಕಾಳಗಕ್ಕಿಂತ ಬೀಗ ಒಡೆಯುವುದು, ಗೋಡೆ ಹತ್ತುವುದು ಜಾಸ್ತಿ ಇದ್ದರೆ ಥೀಫ್ ಒಳ್ಳೆಯದು. ಇಲ್ಲಿ ಮೂರನೇ ಕ್ಲಾಸ್ ಸೇರಿಸುವ ಆಸೆ ಬಂದೇ ಬರುತ್ತದೆ. ದಯವಿಟ್ಟು ಬೇಡ. ಒಟ್ಟು ಲೆವೆಲ್ 16ರಲ್ಲಿ ರೋಗ್ 11 ಆಗುತ್ತದೆ. ಆಗ ರಿಲಯಬಲ್ ಟ್ಯಾಲೆಂಟ್ ಸಿಗುತ್ತದೆ, ಕಲಿತ ಕೌಶಲಗಳಲ್ಲಿ ದಾಳ 9ಕ್ಕಿಂತ ಎಷ್ಟೇ ಕೆಳಗೆ ಬಿದ್ದರೂ, 9 ಬಿದ್ದರೂ, 10 ಎಂದೇ ಎಣಿಕೆ. ಬೇರೆ ಕಡೆ ಕಳೆದ ಪ್ರತಿ ಲೆವೆಲ್ಲೂ ಇದನ್ನು ಮುಂದಕ್ಕೆ ತಳ್ಳುತ್ತದೆ.

ಮಲ್ಟಿಕ್ಲಾಸ್, ಅಂದರೆ ಹೀಗೆ ಕ್ಲಾಸ್‌ಗಳನ್ನು ಬೆರೆಸುವುದು, ಐಚ್ಛಿಕ ನಿಯಮ. ಹಾಗಾಗಿ ಮೊದಲ ದಾಳ ಉರುಳುವ ಮುನ್ನವೇ ಡಂಜನ್ ಮಾಸ್ಟರ್ (ಆಟ ನಡೆಸುವವರು) ಹತ್ತಿರ ಎರಡು ಪ್ರಶ್ನೆ ಕೇಳಿ: ಮಲ್ಟಿಕ್ಲಾಸ್ ಮತ್ತು ಗ್ಲೂಮ್ ಸ್ಟಾಕರ್ ಎರಡಕ್ಕೂ ಒಪ್ಪಿಗೆ ಇದೆಯಾ? ಒಂದೇ ಕಂಬದ ಹಿಂದೆ ಮತ್ತೆ ಮತ್ತೆ ಅಡಗಲು ಬಿಡುತ್ತೀರಾ?