ಬರಿಂಕಕ್ಕಾಗಿ ತೋಟದ ಅಂಚಿನಲ್ಲಿ ಮಾಡಿದ ಕೆಲಸ

ಉಡುಪಿ ಜಿಲ್ಲೆಯ ಹೆಬ್ರಿಯ ಆಚೆ, ಸೋಮೇಶ್ವರ ವನ್ಯಜೀವಿ ಧಾಮಕ್ಕೆ ಸಮೀಪವಿರುವ ನಮ್ಮ ಅಡಿಕೆ ತೋಟದ ಕುಮ್ಕಿ ಕಾಡಿನಲ್ಲಿ (ತೋಟಕ್ಕೆ ತಾಗಿಕೊಂಡಿರುವ, ಸೊಪ್ಪು-ತರಗೆಲೆಗೆ ಬಳಸಿಕೊಳ್ಳುವ ಸರ್ಕಾರಿ ಜಾಗ) ಬರಿಂಕ (ಇಂಗ್ಲಿಷಿನಲ್ಲಿ ಮೌಸ್ ಡೀರ್) ಮತ್ತು ಕಾಡುಕುರಿ (ಬೊಗಳುವ ಜಿಂಕೆ) ಎರಡೂ ಇವೆ. ಬರಿಂಕ 2ರಿಂದ 4 ಕಿಲೋ ತೂಗುವ, ಒಂದಡಿಯಷ್ಟೂ ಎತ್ತರವಿಲ್ಲದ, ಕೊಂಬಿಲ್ಲದ ನಿಶಾಚರಿ. ಪ್ರಾಣಿಶಾಸ್ತ್ರದ ಪ್ರಕಾರ ಅದು ಜಿಂಕೆಯ ಕುಟುಂಬಕ್ಕೆ ಸೇರದಿದ್ದರೂ ಎದುರಿಸುವ ಅಪಾಯಗಳು ಕಾಡುಕುರಿಯವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯೊಂದಿಗೆ ಅದರ ಹೆಸರೂ ಇದೆ. ಆದರೂ ನಮ್ಮಲ್ಲಿ ಅದು ಸಾಯುವುದು ಹೆಚ್ಚಾಗಿ ಬೇರೆ ಪ್ರಾಣಿಗೆಂದು ಒಡ್ಡಿದ ಉರುಳಿನಲ್ಲಿ.

ಆದ್ದರಿಂದ ನಾನು ಉರುಳಿನಿಂದಲೇ ಆರಂಭಿಸಿದೆ. ಬೈಕಿನ ಕ್ಲಚ್ ಕೇಬಲ್‌ನಿಂದ ಮಾಡಿದ ಉರುಳು ತುಕ್ಕು ಹಿಡಿಯಲು ವರ್ಷಗಳೇ ಬೇಕು; ಇಟ್ಟವನು ಮರೆತರೂ ಅದು ಕೊಲ್ಲುತ್ತಲೇ ಇರುತ್ತದೆ. ಅರಣ್ಯ ಸಿಬ್ಬಂದಿಗೆ ಮೊದಲೇ ತಿಳಿಸಿ, ಬೇಲಿಯ ಗಂಡಿಗಳನ್ನೂ ತೋಡು (ಸಣ್ಣ ಹಳ್ಳ) ದಾಟುವ ಜಾಗಗಳನ್ನೂ, ಎರಡೂ ಬದಿಗೆ ಸೊಪ್ಪು ಒಟ್ಟಿ ನಡುವೆ ಒಂದೇ ದಾರಿ ಬಿಟ್ಟಿರುವ ಕಡೆಗಳನ್ನೂ ಹುಡುಕಿದೆವು. ಮೊಲಕ್ಕೆಂದು ನೆಲದ ಹತ್ತಿರ ಕಟ್ಟಿದ ಕುಣಿಕೆ ಬರಿಂಕದ ಕುತ್ತಿಗೆಗೂ, ಹಂದಿಗೆಂದು ಮೊಣಕಾಲೆತ್ತರದಲ್ಲಿ ಕಟ್ಟಿದ್ದು ಕಾಡುಕುರಿಗೂ ಸರಿಯಾಗಿ ಬೀಳುತ್ತದೆ. ನಿಂತು ನೋಡಿದರೆ ತಂತಿ ಕಾಣುವುದಿಲ್ಲ, ಕುಕ್ಕರಗಾಲಿನಲ್ಲಿ ಕುಳಿತು ನೋಡಬೇಕು. ಹಂದಿಯಿಂದ ಗದ್ದೆ ಹಾಳಾಗುವ ನೆರೆಯವರ ಸಂಕಟ ನಿಜವಾದದ್ದು. ಅವರೊಂದಿಗೆ ಸೇರಿ ಸೋಲಾರ್ ಬೇಲಿ ಹಾಕಿದ ಮೇಲೆಯೇ ಉರುಳು ತೆಗೆಯುವ ಮಾತು ಅವರಿಗೆ ಒಪ್ಪಿಗೆಯಾಯಿತು.

ಎರಡನೆಯದು ನಾಯಿ. ಬರಿಂಕ ದೂರ ಓಡುವ ಪ್ರಾಣಿಯಲ್ಲ, ಪೊದೆಯಲ್ಲಿ ಅಲುಗಾಡದೆ ಅಡಗುವುದೇ ಅದರ ರಕ್ಷಣೆ, ಮತ್ತು ವಾಸನೆ ಹಿಡಿಯುವ ನಾಯಿಯ ಮುಂದೆ ಆ ಉಪಾಯ ನಡೆಯುವುದಿಲ್ಲ. ಮನೆಯ ನಾಯಿಗಳನ್ನು ರಾತ್ರಿ ಕಟ್ಟಿಹಾಕುವುದನ್ನೂ, ಅವುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದನ್ನೂ ನಾವು ರೂಢಿ ಮಾಡಿಕೊಂಡೆವು. ರಾತ್ರಿ ಟಾರ್ಚು ಹಿಡಿದು ಬೇಟೆಗೆ ಬರುವವರನ್ನು ತಡೆಯುವುದು ಇದಕ್ಕಿಂತ ಕಷ್ಟ, ಏಕೆಂದರೆ ಬೆಳಕು ಬಿದ್ದೊಡನೆ ಈ ಪ್ರಾಣಿ ನಿಂತಲ್ಲೇ ನಿಲ್ಲುತ್ತದೆ. ಅಪರಿಚಿತ ಬೆಳಕು ಕಂಡರೆ ಅರಣ್ಯ ಇಲಾಖೆಗೆ ಕರೆ ಮಾಡುತ್ತೇವೆ, ನಾವೇ ಎದುರು ಹೋಗುವುದಿಲ್ಲ.

ಗುಡ್ಡದ ತರಗೆಲೆಯನ್ನೆಲ್ಲ ಗುಡಿಸಿ ತೋಟಕ್ಕೆ ತರುವ ಪದ್ಧತಿಯನ್ನೂ ಬದಲಿಸಿದೆ. ತೋಡಿನ ಎರಡೂ ದಡಗಳಲ್ಲಿ ತರಗೆಲೆಯನ್ನೂ ಕುರುಚಲು ಗಿಡಗಳನ್ನೂ ಮುಟ್ಟದೆ ಬಿಟ್ಟು, ವೀಡ್ ಕಟ್ಟರ್ ಅಲ್ಲಿಗೆ ಹೋಗದಂತೆ ಕೆಲಸದವರಿಗೆ ಹೇಳಿದೆ. ತಾಯಿ ತನ್ನ ಮರಿಯನ್ನು ಅಡಗಿಸಿಡುವುದು ಇಂಥ ಪೊದೆಗಳಲ್ಲೇ. ಹಣ್ಣುದುರುವ ಗೋಳಿ, ಅತ್ತಿ ಮರಗಳನ್ನು ಕಡಿಯಲಿಲ್ಲ. ನಮ್ಮ ಜಾಗದ ಅತ್ತಿಮರದ ಬುಡದಲ್ಲಿಟ್ಟ ಕ್ಯಾಮೆರಾದಲ್ಲಿ ಬರಿಂಕ ಈಗಲೂ ಕಾಣಸಿಗುತ್ತದೆ.

ಹೈದರಾಬಾದಿನ ನೆಹರೂ ಪ್ರಾಣಿಶಾಸ್ತ್ರೀಯ ಉದ್ಯಾನದಲ್ಲಿ 2010ರಿಂದ ಬರಿಂಕಗಳ ವಂಶಾಭಿವೃದ್ಧಿ ನಡೆಸಿ, ಅಮ್ರಾಬಾದ್ ಹುಲಿ ಮೀಸಲು ಪ್ರದೇಶದಲ್ಲಿ ಬಿಟ್ಟಿದ್ದಾರೆ. ಅದು ದೊಡ್ಡ ಕೆಲಸ. ಆದರೆ ಪ್ರಾಣಿ ತಾನಾಗಿಯೇ ಉಳಿದಿರುವ ನಮ್ಮಂಥ ಕಡೆ, ನೆಲವನ್ನು ಉರುಳಿನಿಂದಲೂ ನಾಯಿಯಿಂದಲೂ ಮುಕ್ತಗೊಳಿಸುವುದೇ ಮೊದಲು ಆಗಬೇಕೆಂದು ನನ್ನ ಅಭಿಪ್ರಾಯ. ಮಳೆ ನಿಂತ ಮೇಲೆ ಉರುಳಿನ ಹುಡುಕಾಟವನ್ನು ಪ್ರತಿವರ್ಷ ಮತ್ತೆ ಮಾಡಬೇಕಾಗುತ್ತದೆ; ತೆಗೆದ ತಂತಿಗಳನ್ನು ಅಲ್ಲೇ ಎಸೆಯದೆ ಅರಣ್ಯ ಸಿಬ್ಬಂದಿಗೆ ಒಪ್ಪಿಸುತ್ತೇವೆ.