ಜಾತ್ರೆ ದುಡ್ಡು ಮಳೆಗಾಲದ ತನಕ ಉಳಿಬೇಕಾ? ನಾಟಕ ಕಂಪನಿ ಲೆಕ್ಕ ಹಿಂಗೆ ಇಡಿ
ಗುಬ್ಬಿ ಕಂಪನಿ 1884ರಲ್ಲಿ ಶುರುವಾದಾಗಿಂದ ಇವತ್ತಿನ ತನಕ ನಮ್ಮ ವೃತ್ತಿ ರಂಗಭೂಮಿಗೆ ಗೇಟ್ ಕಲೆಕ್ಷನ್ನೇ ಅನ್ನ. ಆದ್ರೆ ನಾನು ಗೇಟಲ್ಲಿ ಕೂತು ಲೆಕ್ಕ ಬರೆದ ವರ್ಷಗಳಲ್ಲಿ ಕಂಡಿದ್ದೇನಂದ್ರೆ, ಕಂಪನಿ ಮುಳುಗೋದು ಖಾಲಿ ಕುರ್ಚಿಯಿಂದ ಅಲ್ಲ, ಬಾದಾಮಿ ಬನಶಂಕರಿ ಜಾತ್ರೇಲಿ ತುಂಬಿದ ಪೆಟ್ಟಿಗೆ ನೋಡಿ ಕೈ ಬಿಚ್ಚಿ ಖರ್ಚು ಮಾಡ್ತೀವಲ್ಲ ಅದರಿಂದ.

ಮೊದಲು, ಆಟ ಇರ್ಲಿ ಬಿಡ್ಲಿ ದಿನಾ ಹೋಗೋ ದುಡ್ಡು ಬರ್ಕೊಳ್ಳಿ: ಜಾಗದ ಬಾಡಿಗೆ, ಕರೆಂಟು, ಪಗಾರ, ಎರಡು ಹೊತ್ತಿನ ಅಡಿಗೆ, ಊರಲ್ಲಿ ಕೂಗ್ಸೋ ಆಟೋ. ಇದು 18,000 ಆಯ್ತು ಅಂತಿಟ್ಕೊಳ್ಳಿ, ಟಿಕೆಟ್ 100 ಇದ್ರೆ ದಿನಕ್ಕೆ 180 ಟಿಕೆಟ್ ಹೋಗ್ಲೇಬೇಕು, ಎರಡು ಆಟಕ್ಕೆ ತಲಾ 90. ಆ 90ನ್ನ ಗೇಟಿನ ತಗಡಿನ ಮೇಲೆ ಚಾಕ್‌ಪೀಸಲ್ಲಿ ಬರೆದಿಡಿ, ದಿನಾ ಕಣ್ಣಿಗೆ ಬೀಳ್ಲಿ.

ಜಾತ್ರೆ ಕಲೆಕ್ಷನ್ನಿಗೆ ಬೇರೆ ಪುಸ್ತಕ, ಬೇರೆ ಬ್ಯಾಂಕ್ ಖಾತೆ. ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದನ್ನ ಪ್ರತಿವರ್ಷದ ಆದಾಯ ಅಂತ ನಂಬ್ಕೊಂಡು ಹೊಸ ಸೀನರಿ ಪರದೆ ಬರೆಸಿದ್ರೆ ಮುಂದಿನ ವರ್ಷ ಸಾಲವೇ ಗತಿ.

ಕಲಾವಿದರಿಗೆ ಕೊಡೋ ಮುಂಗಡದ ವಿಷ್ಯ ತುಂಬಾ ಜೋಪಾನ. ಒಬ್ಬ ಹಾಸ್ಯ ನಟರ ಪುಟದಲ್ಲಿ "ಮಗಳ ಫೀಸು 3,000, ತಾಯಿ ಔಷಧಿ 1,200" ಅಂತ ಸಾಲುಸಾಲು ಇತ್ತು, ಮಾಲೀಕರು ಒಂದೇ ತಿಂಗಳ ಪಗಾರದಲ್ಲಿ ಪೂರಾ ಮುರ್ಕೊಂಡ್ರು, ಅವ್ರು ರಾತ್ರೋರಾತ್ರಿ ಬೇರೆ ಕಂಪನಿಗೆ ಹೋದ್ರು, ಮರುದಿನ ಆಟಕ್ಕೆ ಬಂದ ಜನ ಅವ್ರಿಲ್ಲ ಅಂತ ಗೊತ್ತಾಗಿ ಗೇಟಿಂದಲೇ ವಾಪಸ್. ಅದಕ್ಕೆ ಮುಂಗಡ ಕೊಡುವಾಗಲೇ ತಿಂಗಳಿಗೆ ಎಷ್ಟು ಮುರಿತೀರಿ ಅಂತ ಅವರೆದುರೇ ಬರೆದು ಸಹಿ ಹಾಕಿಸ್ಕೊಳ್ಳಿ, ಮನೆ ನಡೆಯೋಷ್ಟು ಕೈಗೆ ಸಿಗ್ಲೇಬೇಕು.

ಟಿಕೆಟ್ 500 ರೂಪಾಯಿ ತನಕ ನಾಟಕಕ್ಕೆ ಜಿಎಸ್‌ಟಿ ಇಲ್ಲ, ಮುಂದಿನ ಸಾಲಿನ ಕುರ್ಚಿಗೆ 200 ಇಡೋಕೆ ಹೆದರಬೇಡಿ. ಹಿಂದಿನ ಸಾಲು ಮಾತ್ರ ಏರಿಸ್ಬೇಡಿ, ಒಂದೇ ನಾಟಕಕ್ಕೆ ಮೂರು ಸಲ ಬರೋರು ಕೂರೋದು ಅಲ್ಲೇ.

ಮಳೆ ಹಿಡಿಯೋ ಮುಂಚೆ ಕ್ಯಾಂಪ್ ಎತ್ತಿ ಒಳ್ಳೆ ಸೂರಿರೋ ಕಡೆ ಹೋಗಿ. ತಗಡಿನ ಮೇಲೆ ಮಳೆ ಬಿದ್ರೆ ಮೂರನೇ ಸಾಲಿಗೂ ಡೈಲಾಗ್ ಕೇಳಲ್ಲ, ಜನ ದುಡ್ಡು ವಾಪಸ್ ಕೇಳ್ತಾರೆ, ಕೇಳೋದು ನ್ಯಾಯಾನೇ. ಎತ್ತೋ ಮುಂಚಿನ ವಾರ ಕಲಾವಿದರ ಸಹಾಯಾರ್ಥ ಒಂದು ಆಟ ಇಡಿ, ಆ ಕಲೆಕ್ಷನ್ ಕಂಪನಿ ಲೆಕ್ಕಕ್ಕೆ ಸೇರಿಸದೆ ಅದೇ ರಾತ್ರಿ ಅವರ ಕೈಗೆ ಎಣಿಸಿಕೊಡಿ.